ಮುಂಬಯಿ ವಿಶ್ವವಿದ್ಯಾಲಯ: ಇತಿಹಾಸ, ಆಡಳಿತ ಮತ್ತು ಕನ್ನಡದ ನೆಲೆ

ದಿವಾ ಜಂಕ್ಷನ್ನಿನಿಂದ ಹೊರಡುವ ಹಳಿಗಳನ್ನು ಅನುಸರಿಸಿ ಹೋದರೆ ಮುಂಬಯಿ ವಿಶ್ವವಿದ್ಯಾಲಯದ ಭೂಪಟವೇ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಪಶ್ಚಿಮಕ್ಕೆ ಠಾಣೆಯ ಮೂಲಕ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳು. ಪೂರ್ವಕ್ಕೆ ಡೊಂಬಿವಲಿ, ಕಲ್ಯಾಣ್, ಕಸಾರಾ, ಕರ್ಜತ್. ಉತ್ತರಕ್ಕೆ ವಸಯಿ ಮಾರ್ಗವಾಗಿ ಪಾಲ್ಘರ್ ಜಿಲ್ಲೆ. ದಕ್ಷಿಣಕ್ಕೆ ಪನ್ವೇಲ್, ರೋಹಾ ದಾಟಿ ರತ್ನಾಗಿರಿ, ಸಾವಂತವಾಡಿ. ಈ ಏಳು ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಬಹುಪಾಲು ಇಂದಿಗೂ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಮ್ಮ ಮನೆಗಳ ಮಕ್ಕಳ ಅಂಕಪಟ್ಟಿಯ ಮೇಲೆ ಅದರ ಮುದ್ರೆಯಿದೆ. ನಮ್ಮಲ್ಲನೇಕರ ಗೋಡೆಯ ಮೇಲೆ ತೂಗುಹಾಕಿದ ಪದವಿ ಪ್ರಮಾಣಪತ್ರದ ಮೇಲೂ ಅದೇ ಮುದ್ರೆಯಿದೆ. ಆದರೆ ಆ ಸಂಸ್ಥೆ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಕನ್ನಡಿಗರಿಗೂ ಅದಕ್ಕೂ ಇರುವ ನಂಟು ಎಷ್ಟು ಹಳೆಯದು ಎಂಬುದನ್ನು ಬಲ್ಲವರು ಕಡಿಮೆ. ಓದುಗ ಬಂಧುಗಳ ಉಪಯೋಗಕ್ಕಾಗಿ ಆ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಸ್ಥಾಪನೆಯ ಹಿನ್ನೆಲೆ

1852ರಲ್ಲಿ ಸ್ಥಾಪನೆಯಾದ ಬಾಂಬೆ ಅಸೋಸಿಯೇಷನ್ ಎಂಬ ನಾಗರಿಕರ ಸಂಘವು ಬ್ರಿಟಿಷ್ ಸರಕಾರಕ್ಕೆ ಸಲ್ಲಿಸಿದ ಮನವಿಯಲ್ಲಿ ಈ ನಗರಕ್ಕೊಂದು ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆಯೂ ಇತ್ತು. 1854ರಲ್ಲಿ ಸರ್ ಚಾರ್ಲ್ಸ್ ವುಡ್ ಕಳುಹಿಸಿದ ಪ್ರಸಿದ್ಧ ಶಿಕ್ಷಣ ಪತ್ರವು ಅದಕ್ಕೆ ದಾರಿ ತೆರೆಯಿತು. 1857ರಲ್ಲಿ, ದೇಶದಲ್ಲಿ ಸ್ವಾತಂತ್ರ್ಯ ಸಮರದ ಕಿಚ್ಚು ಹಬ್ಬಿದ್ದ ವರ್ಷದಲ್ಲೇ, ಮೂರು ವಿಶ್ವವಿದ್ಯಾಲಯಗಳು ಜನ್ಮತಾಳಿದವು: ಜನವರಿ 24ರಂದು ಕಲ್ಕತ್ತಾ, ಜುಲೈ 18ರಂದು ಮುಂಬಯಿ, ಸೆಪ್ಟೆಂಬರ್ 5ರಂದು ಮದ್ರಾಸು. ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಮುಂಬಯಿಯ ಪ್ರಥಮ ಕುಲಾಧಿಪತಿಯಾದರು. ನ್ಯಾಯಾಧೀಶ ಸರ್ ವಿಲಿಯಂ ಯಾರ್ಡ್ಲಿ ಪ್ರಥಮ ಉಪಕುಲಪತಿಯಾದರು.

ಆರಂಭದ ವಿಶ್ವವಿದ್ಯಾಲಯಕ್ಕೆ ತರಗತಿಯೂ ಇರಲಿಲ್ಲ, ಅಧ್ಯಾಪಕರೂ ಇರಲಿಲ್ಲ, ಸ್ವಂತ ಕಟ್ಟಡವೂ ಇರಲಿಲ್ಲ ಎಂಬುದನ್ನು ಇಂದಿನವರು ನಂಬಲಾರರು. ಅದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ರೂಪುಗೊಂಡ ಪರೀಕ್ಷಾ ಸಂಸ್ಥೆ. ಪಾಠ ಹೇಳುವ ಕೆಲಸ ಎಲ್ಫಿನ್‌ಸ್ಟನ್ ಕಾಲೇಜು, ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮುಂತಾದವುಗಳದ್ದು. ಪಠ್ಯ ನಿಗದಿಪಡಿಸಿ, ಪರೀಕ್ಷೆ ನಡೆಸಿ, ಪದವಿ ಕೊಡುವುದಷ್ಟೇ ವಿಶ್ವವಿದ್ಯಾಲಯದ್ದು. ಮೊದಲ ಕೆಲವು ವರ್ಷ ಟೌನ್ ಹಾಲಿನಲ್ಲೇ ಅದರ ಕಾರ್ಯಕಲಾಪ ನಡೆಯಿತು. 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಯೂ 1862ರಲ್ಲಿ ಮೊದಲ ಬಿ.ಎ. ಪರೀಕ್ಷೆಯೂ ಜರುಗಿದವು. ಆ ಪ್ರಥಮ ಪದವೀಧರರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಂಡಾರಕರ್ ಇದ್ದರು. ಭಂಡಾರಕರ್ ಮುಂದೆ ಇದೇ ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಅವರಿಗಿಂತ ಮೊದಲೇ, 1892ರಲ್ಲಿ, ಕಾಶೀನಾಥ ತ್ರ್ಯಂಬಕ ತೆಲಂಗರು ಆ ಸ್ಥಾನವನ್ನೇರಿದ ಪ್ರಥಮ ಭಾರತೀಯರೆನಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿ ಇಲ್ಲಿನ ಮೊದಲ ಮಹಿಳಾ ಪದವೀಧರೆ.

ಹತ್ತಿಯ ಹಣ, ರಾಜಾಬಾಯಿ ಗೋಪುರ

ಕೋಟೆ ಪ್ರದೇಶದ ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ಭವ್ಯ ಕಟ್ಟಡಗಳು ಸರಕಾರದ ಬೊಕ್ಕಸದಿಂದಷ್ಟೇ ಎದ್ದವಲ್ಲ. ವ್ಯಾಪಾರಿಗಳ ದಾನದಿಂದ ಎದ್ದವು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಆ ಹತ್ತಿಯಲ್ಲಿ ಧಾರವಾಡ ಸೀಮೆಯ ಪಾಲೂ ಇತ್ತೆಂಬುದನ್ನು ನಾವು ಮರೆಯಬಾರದು. ಈ ವಹಿವಾಟಿನಲ್ಲಿ ಅಪಾರ ಸಂಪತ್ತು ಗಳಿಸಿದ ಪ್ರೇಮಚಂದ್ ರಾಯಚಂದರು ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿ ನೀಡಿ, ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯ ಹೆಸರಿಡಿಸಿದರು. ಸರ್ ಕಾವಸ್‌ಜಿ ಜಹಾಂಗೀರ್ ರೆಡಿಮನಿಯವರು ಘಟಿಕೋತ್ಸವ ಭವನಕ್ಕೆ 1 ಲಕ್ಷ ರೂಪಾಯಿ ಕೊಟ್ಟರು. ನಕ್ಷೆ ತಯಾರಿಸಿದವರು ಇಂಗ್ಲೆಂಡಿನ ಖ್ಯಾತ ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್.

ಯುದ್ಧ ಮುಗಿಯುತ್ತಲೇ ಹತ್ತಿಯ ಬೆಲೆ ಕುಸಿಯಿತು, 1865ರಲ್ಲಿ ಮುಂಬಯಿಯ ಷೇರು ಪೇಟೆ, ಬ್ಯಾಂಕುಗಳು ನೆಲಕಚ್ಚಿದವು, ಪ್ರೇಮಚಂದರೂ ದಿವಾಳಿಯಾದರು. ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆಯೇ ಆಯುಷ್ಯ ಕಳೆದ ನಮಗೆ ಈ ಕಥೆ ವಿಶೇಷವಾಗಿ ಕಾಣುತ್ತದೆ. ಆ ಸಂಪತ್ತಿನಲ್ಲಿ ಷೇರಿಗೆ ಹೋದದ್ದು ಕರಗಿತು; ವಿದ್ಯೆಗೆ ಹೋದದ್ದು ಉಳಿಯಿತು. 1869ರಲ್ಲಿ ಅಡಿಗಲ್ಲು ಹಾಕಿದ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಸುಮಾರು 280 ಅಡಿ ಎತ್ತರದ ಈ ಗೋಪುರವೂ ಸುತ್ತಲಿನ ಕಟ್ಟಡಗಳೂ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕನ್ನಡ ನಾಡಿನ ವಿಶ್ವವಿದ್ಯಾಲಯ

ಆಗಿನ ಮುಂಬಯಿ ಪ್ರಾಂತದಲ್ಲಿ ಸಿಂಧ್, ಗುಜರಾತ, ಮಹಾರಾಷ್ಟ್ರಗಳೊಡನೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಸೇರಿದ್ದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಜೋಡಿಸಲಾಯಿತು. ದಕ್ಷಿಣ ಕನ್ನಡ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ಮಂಗಳೂರಿನ ವಿದ್ಯಾರ್ಥಿ ಮದ್ರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತರೆ, ಕಾರವಾರ, ಧಾರವಾಡದ ವಿದ್ಯಾರ್ಥಿ ಮುಂಬಯಿಯ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದ. ಇಂದು ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಎರಡೂ ಕಡೆಯವರಿದ್ದಾರೆ. ಅವರ ಅಜ್ಜಂದಿರ ಪದವಿಗಳು ಬೇರೆ ಬೇರೆ ಊರಿನವು.

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಉತ್ತರ ಕರ್ನಾಟಕದ ಹುಡುಗರು ಉನ್ನತ ಶಿಕ್ಷಣಕ್ಕಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ವರಕವಿ ದ. ರಾ. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪಡೆದ ಬಿ.ಎ. ಪದವಿ ಮುಂಬಯಿ ವಿಶ್ವವಿದ್ಯಾಲಯದ್ದೇ; 1935ರ ಅವರ ಎಂ.ಎ. ಕೂಡ ಅದೇ. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗುವ ಮುನ್ನ ಇದರದೇ ಪದವೀಧರರು. ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಬಳಿಕ 1966ರಿಂದ 1971ರವರೆಗೆ ಇಲ್ಲಿ ಉಪಕುಲಪತಿಗಳಾಗಿದ್ದ ಪ್ರ. ಬಾ. ಗಜೇಂದ್ರಗಡಕರ್ ಅವರು ಎಳವೆಯಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ಸ್ವಾತಂತ್ರ್ಯದ ಹೊತ್ತಿಗೆ ಈ ವಿಶಾಲ ವ್ಯಾಪ್ತಿ ಒಡೆಯತೊಡಗಿತು. 1947ರಲ್ಲಿ ಸಿಂಧ್, ಅದರ ಹಿಂದೆಯೇ ಪುಣೆ, ಗುಜರಾತ ವಿಶ್ವವಿದ್ಯಾಲಯಗಳು ಬಂದವು. 1949ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಮೊದಲಿಗೆ ಮುಂಬಯಿಯಲ್ಲೇ ಕಚೇರಿ ತೆರೆದು, 1950ರಲ್ಲಿ ಧಾರವಾಡಕ್ಕೆ ಸ್ಥಳಾಂತರಗೊಂಡಿತು.

ಪರೀಕ್ಷೆಯಿಂದ ಸಂಶೋಧನೆಯೆಡೆಗೆ

1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆಯು ಬೋಧನೆ, ಸಂಶೋಧನೆಗಳೂ ವಿಶ್ವವಿದ್ಯಾಲಯದ ಹೊಣೆಯೆಂದು ಒಪ್ಪಿತು. ಮುಂಬಯಿಯಲ್ಲಿ ಅದು ಕಾರ್ಯರೂಪಕ್ಕೆ ಬಂದದ್ದು 1919ರಲ್ಲಿ, ಸ್ಕಾಟ್ಲೆಂಡಿನ ನಗರಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದಾಗ. ಅವರ ನಂತರ ಬಂದ ಗೋ. ಸ. ಘುರ್ಯೆಯವರ ಗರಡಿಯಲ್ಲಿ ಭಾರತೀಯ ಸಮಾಜಶಾಸ್ತ್ರ ಬೆಳೆಯಿತು. ಮೈಸೂರಿನ ಎಂ. ಎನ್. ಶ್ರೀನಿವಾಸರು ಘುರ್ಯೆಯವರ ಶಿಷ್ಯರು. ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬ ಪದ್ಧತಿಯ ಕುರಿತು ಅವರು ಇಲ್ಲಿ ಬರೆದ ಪ್ರೌಢ ಪ್ರಬಂಧ 1942ರಲ್ಲಿ ಗ್ರಂಥವಾಗಿ ಹೊರಬಂದಿತು.

1933ರಲ್ಲಿ ರಾಸಾಯನಿಕ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಮಾಟುಂಗದಲ್ಲಿ ನೆಲೆನಿಂತ ಈ ವಿಭಾಗ ದೇಶದ ಬಣ್ಣ, ಔಷಧ, ಪ್ಲಾಸ್ಟಿಕ್ ಉದ್ಯಮಗಳಿಗೆ ತಜ್ಞರನ್ನು ಒದಗಿಸಿತು. ಕನ್ನಡದ ಹಿರಿಯ ಕಥೆಗಾರ ಯಶವಂತ ಚಿತ್ತಾಲರು ಇಲ್ಲಿಯ ವಿದ್ಯಾರ್ಥಿಗಳಾಗಿದ್ದರು. 2008ರಲ್ಲಿ ಈ ಸಂಸ್ಥೆ ಪ್ರತ್ಯೇಕ ವಿಶ್ವವಿದ್ಯಾಲಯದ ಸ್ಥಾನ ಪಡೆದು ಬೇರೆಯಾಯಿತು. 1965ರಲ್ಲಿ ಚರ್ಚ್‌ಗೇಟಿನಲ್ಲಿ ಜಮ್ನಾಲಾಲ್ ಬಜಾಜ್ ನಿರ್ವಹಣಾ ಸಂಸ್ಥೆ ಸ್ಥಾಪನೆಯಾಯಿತು.

ಕೋಟೆಯ ಆವರಣ ಸಾಲದಾದಾಗ ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ಸುಮಾರು 230 ಎಕರೆ ವಿಸ್ತಾರದ ವಿದ್ಯಾನಗರಿ ತಲೆಯೆತ್ತಿತು. ಹೆಚ್ಚಿನ ಸ್ನಾತಕೋತ್ತರ ವಿಭಾಗಗಳು, ಜವಾಹರಲಾಲ್ ನೆಹರೂ ಗ್ರಂಥಾಲಯ, ನ್ಯಾನೊ ವಿಜ್ಞಾನ ಕೇಂದ್ರ ಈಗ ಅಲ್ಲಿವೆ. ಅಣುಶಕ್ತಿ ಇಲಾಖೆಯ ಸಹಯೋಗದಲ್ಲಿ 2007ರಲ್ಲಿ ಆರಂಭವಾದ ಮೂಲವಿಜ್ಞಾನಗಳ ಕೇಂದ್ರವೂ ಅದೇ ಆವರಣದಲ್ಲಿದೆ. 1996ರ ಸೆಪ್ಟೆಂಬರಿನಲ್ಲಿ ‘ಬಾಂಬೆ ವಿಶ್ವವಿದ್ಯಾಲಯ’ ಅಧಿಕೃತವಾಗಿ ‘ಮುಂಬಯಿ ವಿಶ್ವವಿದ್ಯಾಲಯ’ವಾಯಿತು. 2021ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮಂಡಳಿ ನ್ಯಾಕ್ ಇದಕ್ಕೆ 3.65 ಅಂಕಗಳೊಂದಿಗೆ ‘ಎ ಪ್ಲಸ್ ಪ್ಲಸ್’ ಶ್ರೇಣಿ ನೀಡಿತು.

ಆಡಳಿತ ವ್ಯವಸ್ಥೆ

ಇಂದಿನ ಆಡಳಿತ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯಿದೆಯಂತೆ ನಡೆಯುತ್ತದೆ. ಪದನಾಮಗಳ ವಿಷಯದಲ್ಲಿ ಕನ್ನಡಿಗರಿಗೆ ಗೊಂದಲವಾಗುವುದುಂಟು. ಕರ್ನಾಟಕದಲ್ಲಿ ಬಹುಕಾಲ ‘ಕುಲಪತಿ’ಯೆಂದರೆ ವೈಸ್ ಚಾನ್ಸಲರ್. ಮರಾಠಿಯಲ್ಲಿ ‘ಕುಲಪತಿ’ಯೆಂದರೆ ಚಾನ್ಸಲರ್, ಅಂದರೆ ರಾಜ್ಯಪಾಲರು, ವೈಸ್ ಚಾನ್ಸಲರ್ ಅವರನ್ನು ‘ಕುಲಗುರು’ ಎನ್ನುತ್ತಾರೆ. ಅರ್ಜಿ ಬರೆಯುವವರು ಇದನ್ನು ಗಮನದಲ್ಲಿಡುವುದು ಒಳಿತು.

ಕುಲಗುರುಗಳ ಕೈಕೆಳಗೆ ಪ್ರ-ಕುಲಗುರು, ಕುಲಸಚಿವ, ಪರೀಕ್ಷಾ ಮತ್ತು ಮೌಲ್ಯಮಾಪನ ಮಂಡಳಿಯ ಸಂಚಾಲಕ, ಹಣಕಾಸು ಅಧಿಕಾರಿ ಹಾಗೂ ನಾಲ್ಕು ನಿಕಾಯಗಳ ಡೀನರು ಇರುತ್ತಾರೆ. ವಿಜ್ಞಾನ ಮತ್ತು ತಂತ್ರಜ್ಞಾನ, ವಾಣಿಜ್ಯ ಮತ್ತು ನಿರ್ವಹಣೆ, ಮಾನವಿಕ, ಅಂತರಶಿಸ್ತೀಯ ಅಧ್ಯಯನ ಎಂಬವು ಆ ನಾಲ್ಕು ನಿಕಾಯಗಳು.

ನಿರ್ಣಯ ಕೈಗೊಳ್ಳುವ ಮಂಡಳಿಗಳಲ್ಲಿ ಮುಖ್ಯವಾದವು ನಾಲ್ಕು. ಮರಾಠಿಯಲ್ಲಿ ‘ಅಧಿಸಭಾ’ ಎನ್ನುವ ಸೆನೆಟ್ ವಾರ್ಷಿಕ ಆಯವ್ಯಯ, ವರದಿಗಳನ್ನು ಚರ್ಚಿಸುತ್ತದೆ. ವ್ಯವಸ್ಥಾಪನ ಪರಿಷತ್ತು ಆಡಳಿತ, ಆಸ್ತಿ, ನೇಮಕಾತಿಗಳನ್ನು ನೋಡಿಕೊಳ್ಳುತ್ತದೆ. ವಿದ್ಯಾ ಪರಿಷತ್ತಿನದ್ದು ಬೋಧನೆ ಮತ್ತು ಸಂಶೋಧನೆಯ ಮಟ್ಟ ಕಾಯುವ ಹೊಣೆ. ಪ್ರತಿ ವಿಷಯದ ಅಭ್ಯಾಸ ಮಂಡಳಿ ಪಠ್ಯಕ್ರಮ ರೂಪಿಸುತ್ತದೆ. ಕನ್ನಡದ ಯಾವ ಕೃತಿಯನ್ನು ಬಿ.ಎ. ವಿದ್ಯಾರ್ಥಿ ಓದಬೇಕೆಂಬುದು ಮೊದಲು ತೀರ್ಮಾನವಾಗುವುದು ಅಭ್ಯಾಸ ಮಂಡಳಿಯಲ್ಲೇ.

ಸೆನೆಟಿಗೆ ನೋಂದಾಯಿತ ಪದವೀಧರರು 10 ಮಂದಿ ಪ್ರತಿನಿಧಿಗಳನ್ನು ಚುನಾಯಿಸುತ್ತಾರೆ. ಪದವಿ ಪಡೆದ ಮಾತ್ರಕ್ಕೆ ಈ ಮತಾಧಿಕಾರ ಬರುವುದಿಲ್ಲ. ಪದವೀಧರರ ಮತದಾರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಸ್ಥಾನಗಳಿಗೆ ಚುನಾವಣೆ ನಡೆಯಿತು. ಸಂಘಸಂಸ್ಥೆಗಳ ಚುನಾವಣೆಗಳಲ್ಲಿ ಅಪಾರ ಉತ್ಸಾಹ ತೋರುವ ನಮ್ಮ ಪದವೀಧರರು ಈ ಪಟ್ಟಿಯ ಕಡೆಗೂ ಗಮನ ಹರಿಸಬೇಕೆಂದು ನಮ್ಮ ವಿನಂತಿ.

ಸಂಯೋಜಿತ ಕಾಲೇಜುಗಳು ಮತ್ತು ಅವುಗಳ ಭಾರ

ಎಂಟುನೂರಕ್ಕೂ ಮಿಕ್ಕಿದ ಕಾಲೇಜುಗಳು ಈ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಇದೇ ಅದರ ಶಕ್ತಿ, ಇದೇ ಅದರ ಸಂಕಟ. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಸಕಾಲದಲ್ಲಿ ಪರಿಶೀಲಿಸುವುದೆಂದರೆ ಸಾಮಾನ್ಯ ಕಾರ್ಯವಲ್ಲ. 2017ರಲ್ಲಿ ಪೂರ್ವಸಿದ್ಧತೆ ಸಾಲದೆ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಜಾರಿಗೆ ಬಂದಾಗ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು. ಉನ್ನತ ವ್ಯಾಸಂಗಕ್ಕೆ ಹೊರಟಿದ್ದ ವಿದ್ಯಾರ್ಥಿಗಳು ಕಂಗೆಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಪಾಲರು ಆಗಿನ ಕುಲಗುರುಗಳನ್ನು ಪದಚ್ಯುತಗೊಳಿಸಿದರು. ಶಿಕ್ಷಣ ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಬರುವ ತಂದೆತಾಯಿಯರೊಡನೆ ಮಾತನಾಡಿ ಬಲ್ಲ ನಮಗೆ, ಅಂಕಪಟ್ಟಿ ಒಂದು ತಿಂಗಳು ತಡವಾದರೆ ಒಂದು ಮನೆಯ ಲೆಕ್ಕವೆಲ್ಲ ಹೇಗೆ ಏರುಪೇರಾಗುತ್ತದೆಂಬುದು ಗೊತ್ತು.

ಭಾರ ಹಂಚುವ ಪ್ರಯತ್ನಗಳೂ ನಡೆದಿವೆ. ವೈದ್ಯಕೀಯ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದವು. 2019ರಲ್ಲಿ ರೂಪುಗೊಂಡ ಡಾ. ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯಕ್ಕೆ ಸಿಡನ್‌ಹ್ಯಾಂ ಮತ್ತು ಎಲ್ಫಿನ್‌ಸ್ಟನ್ ಕಾಲೇಜುಗಳು ಹೋದವು. ಯಾವ ಕಾಲೇಜಿನ ಆಸರೆಯಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿತೋ ಆ ಕಾಲೇಜೇ ಈಗ ಅದರ ಮಡಿಲಲ್ಲಿಲ್ಲ. ಇನ್ನೂ ಅನೇಕ ಕಾಲೇಜುಗಳು ಸ್ವಾಯತ್ತವಾಗಿ ತಮ್ಮ ಪರೀಕ್ಷೆಗಳನ್ನು ತಾವೇ ನಡೆಸುತ್ತವೆ. ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಆದ್ದರಿಂದ ಪ್ರವೇಶಕ್ಕೆ ಮುನ್ನ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಆಯ್ದುಕೊಂಡ ನಿರ್ದಿಷ್ಟ ಕೋರ್ಸಿಗೆ ಮಾನ್ಯತೆಯಿದೆಯೇ ಎಂದು ವಿಚಾರಿಸುವುದು ಅಗತ್ಯ. ಸಾಲ ಮಂಜೂರು ಮಾಡುವ ಬ್ಯಾಂಕೂ ಇದನ್ನೇ ಕೇಳುತ್ತದೆ.

ದಿವಾ ಪರಿಸರದವರಿಗೆ

ದಿವಾದ ವಿದ್ಯಾರ್ಥಿಗಳು ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಾಲೇಜುಗಳನ್ನು ಅವಲಂಬಿಸಿದ್ದಾರೆ. ಠಾಣೆಯ ಬಾಂದೋಡ್ಕರ್ ಮತ್ತು ಜೋಶಿ-ಬೇಡೇಕರ್ ಕಾಲೇಜುಗಳು, ಡೊಂಬಿವಲಿಯ ಪೆಂಢಾರ್ಕರ್ ಕಾಲೇಜು, ಕಲ್ಯಾಣದ ಬಿರ್ಲಾ ಕಾಲೇಜು ಹೆಸರುವಾಸಿಯಾದವು. ಡೊಂಬಿವಲಿ ಕರ್ನಾಟಕ ಸಂಘವು ಠಾಕುರ್ಲಿ ಪರಿಸರದಲ್ಲಿ ಮಂಜುನಾಥ ಕಾಲೇಜನ್ನು ಕಟ್ಟಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಠಾಣೆಯ ಬಾಳ್ಕುಮ್‌ನಲ್ಲಿ ವಿಶ್ವವಿದ್ಯಾಲಯದ ಉಪಕೇಂದ್ರವಿದೆ. ಕಲ್ಯಾಣದ ಉಪಕೇಂದ್ರದಲ್ಲಿ ಇಂಜಿನಿಯರಿಂಗ್ ಮತ್ತು ಅನ್ವಯಿಕ ವಿಜ್ಞಾನಗಳ ಶಾಲೆ ಇದೆ. ರತ್ನಾಗಿರಿಯಲ್ಲೂ ಒಂದು ಉಪಕೇಂದ್ರವಿದೆ.

ದುಡಿಯುತ್ತ ಓದುವವರಿಗೆ ಈ ವಿಶ್ವವಿದ್ಯಾಲಯ ಎಂದೂ ಬಾಗಿಲು ಮುಚ್ಚಿಲ್ಲ. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನ ಮುಂಜಾನೆಯ ತರಗತಿಗಳಿಂದ ನೌಕರಿ ಮಾಡುವ ಎಷ್ಟೋ ಯುವಕರು ಪದವೀಧರರಾದರು. ಹಗಲು ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ತುಳು-ಕನ್ನಡಿಗರಿಗೆ ಇಂತಹ ಕಾಲೇಜುಗಳೇ ಮುಂದಿನ ಮೆಟ್ಟಿಲಾದವು. 1971ರಲ್ಲಿ ಆರಂಭವಾದ ಅಂಚೆ ಶಿಕ್ಷಣ ವಿಭಾಗವು ‘ಐಡಾಲ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಈಗ ದೂರ ಮತ್ತು ಆನ್‌ಲೈನ್ ಶಿಕ್ಷಣ ಕೇಂದ್ರವಾಗಿದೆ. ಮದುವೆಯಿಂದಲೋ ಬಡತನದಿಂದಲೋ ಓದು ನಿಲ್ಲಿಸಿದವರಿಗೆ ಇದೊಂದು ವರದಾನ.

ಕನ್ನಡ ವಿಭಾಗ

ಆರಂಭದ ದಶಕದಲ್ಲೇ ದೇಶಭಾಷೆಗಳನ್ನು ಪದವಿ ಪರೀಕ್ಷೆಗಳಿಂದ ಹೊರಗಿಟ್ಟು, ಸಂಸ್ಕೃತ, ಲ್ಯಾಟಿನ್ ಮುಂತಾದ ಪ್ರಾಚೀನ ಭಾಷೆಗಳಿಗೆ ಮಣೆ ಹಾಕಲಾಯಿತು. ಅವುಗಳನ್ನು ಮರಳಿ ತರಲು ದೀರ್ಘಕಾಲ ಹೋರಾಡಿದವರು ನ್ಯಾಯಮೂರ್ತಿ ರಾನಡೆ. ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ವಿಭಾಗವಿರುವುದು ರಾನಡೆ ಭವನದಲ್ಲೇ ಎಂಬುದು ಅರ್ಥಪೂರ್ಣ.

1970ರ ದಶಕದ ಕೊನೆಯಲ್ಲಿ ಸ್ನಾತಕೋತ್ತರ ಕನ್ನಡ ವಿಭಾಗ ಆರಂಭವಾಯಿತು. ‘ಹೊಸಗನ್ನಡದ ಅರುಣೋದಯ’ ಎಂಬ ಮಹತ್ವದ ಸಂಶೋಧನ ಗ್ರಂಥದ ಕರ್ತೃ ಡಾ. ಶ್ರೀನಿವಾಸ ಹಾವನೂರರು ಅದರ ಮೊದಲ ಮುಖ್ಯಸ್ಥರು. ತರುವಾಯ ಬೌದ್ಧ ಸಂಸ್ಕೃತಿಯ ವಿದ್ವಾಂಸ ಡಾ. ತಾಳ್ತಜೆ ವಸಂತಕುಮಾರರೂ, ಸೊಲ್ಲಾಪುರದ ಕನ್ನಡ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಡಾ. ಜಿ. ಎನ್. ಉಪಾಧ್ಯರೂ ವಿಭಾಗವನ್ನು ಮುನ್ನಡೆಸಿದರು. ಎಂ.ಎ., ಪಿಎಚ್.ಡಿ. ಅಧ್ಯಯನದೊಡನೆ ಕನ್ನಡೇತರರಿಗೆ ಕನ್ನಡ ಕಲಿಸುವ ಕಾರ್ಯವನ್ನೂ ವಿಭಾಗ ಕೈಗೊಂಡಿದೆ. ಎಂ.ಫಿಲ್. ಪದವಿಯು 2022ರ ಯುಜಿಸಿ ನಿಯಮಾವಳಿಯಂತೆ ಎಲ್ಲೆಡೆಯಂತೆ ನಿಂತುಹೋಯಿತು. 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಹಯೋಗದಲ್ಲಿ ನಡೆದುಬಂದಿರುವ ದತ್ತಿ ಉಪನ್ಯಾಸಗಳು ನಾಡಿನ ವಿದ್ವಾಂಸರನ್ನು ಇಲ್ಲಿಗೆ ಕರೆತಂದಿವೆ.

ಈ ವಿಭಾಗದ ನಿಜವಾದ ಕೊಡುಗೆ ಇನ್ನೊಂದಿದೆ. ಮುಂಬಯಿ ಕನ್ನಡಿಗರ ರಂಗಭೂಮಿ, ಪತ್ರಿಕೆಗಳು, ಸಂಘಸಂಸ್ಥೆಗಳು, ಸಾಹಿತಿಗಳ ಕುರಿತು ಅಧ್ಯಯನ ನಡೆಸಿ ಗ್ರಂಥರೂಪಕ್ಕೆ ತರುವ ಕೆಲಸವನ್ನು ಇಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಿದ್ದಾರೆ. ಹೊರನಾಡಿನಲ್ಲಿ ಹಳೆಯ ಕರಪತ್ರ, ಸ್ಮರಣ ಸಂಚಿಕೆ, ಛಾಯಾಚಿತ್ರಗಳು ಒಂದು ತಲೆಮಾರು ಕಳೆಯುವಷ್ಟರಲ್ಲಿ ರದ್ದಿಗೆ ಹೋಗುತ್ತವೆ. ಅವುಗಳನ್ನು ಆಧರಿಸಿ ನಮ್ಮ ಚರಿತ್ರೆಯನ್ನು ಬರೆಯಬಲ್ಲ ಪೀಠ ಈ ಮಹಾನಗರದಲ್ಲಿದೆ ಎಂಬುದು ಸಣ್ಣ ಮಾತಲ್ಲ.

ಆದರೆ ಮರಕ್ಕೆ ಬೇರು ಬೇಕು. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ. ಕನ್ನಡ ಓದಲು ಬರೆಯಲು ಬಲ್ಲ ಎಳೆಯರು ವಿರಳವಾಗುತ್ತಿದ್ದಾರೆ. ಕಾಲೇಜಿನಲ್ಲಿ ಕನ್ನಡ ಆರಿಸಿಕೊಳ್ಳುವವರಿಲ್ಲದಿದ್ದರೆ ಆ ವಿಷಯವನ್ನೂ ಅಧ್ಯಾಪಕರ ಹುದ್ದೆಯನ್ನೂ ಉಳಿಸಿಕೊಳ್ಳುವುದು ಕಷ್ಟ. ಈ ಕೊರತೆಯನ್ನು ತುಂಬಲು ಗೃಹಿಣಿಯರು, ನೌಕರಿಯಲ್ಲಿರುವವರು, ನಿವೃತ್ತರು ಮುಂದೆ ಬರಬಹುದು. ಪದವಿ ಪಡೆದು ದಶಕಗಳಾದವರೂ ಕನ್ನಡ ಎಂ.ಎ.ಗೆ ಸೇರಿ ಓದಿದ ಉದಾಹರಣೆಗಳು ನಮ್ಮ ಸಮಾಜದಲ್ಲಿವೆ. ದಿವಾದಿಂದ ನಿಧಾನಗತಿಯ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದರೆ ವಿದ್ಯಾನಗರಿ ದೂರವಲ್ಲ. ಪ್ರವೇಶದ ಅವಧಿ, ಅರ್ಹತೆಗಳನ್ನು ರಾನಡೆ ಭವನದ ವಿಭಾಗದಲ್ಲೇ ವಿಚಾರಿಸಿ ತಿಳಿದುಕೊಳ್ಳಬಹುದು.

ಬೇಂದ್ರೆಯವರಿಗೆ ಎಂ.ಎ. ಪದವಿ ನೀಡಿದ ವಿಶ್ವವಿದ್ಯಾಲಯದಲ್ಲಿ ಕನ್ನಡದ ತರಗತಿಗಳು ಮುಂದುವರಿಯಬೇಕಾದರೆ ಅಲ್ಲಿ ಕುಳಿತುಕೊಳ್ಳುವವರು ಬೇಕು. ಆ ಹೊಣೆ ಸರಕಾರದ್ದಷ್ಟೇ ಅಲ್ಲ, ನಮ್ಮದೂ ಹೌದು.